ಹಳೆಯ ನಡವಳಿಕೆಯೋ, ಪೋಸಿಕ್ಸ್ ನಿಯಮವೋ?

ನೀವು ಬರೆಯುವ ಕಮಾಂಡ್ ಟೂಲ್ ಯಾವ ದಾರಿ ಹಿಡಿಯಬೇಕು: ಹಳೆಯ ನಡವಳಿಕೆಯೋ, ಪೋಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಸಾಮಾನ್ಯ ಮಾನದಂಡ) ಹೇಳುವುದೋ? ಮೊದಲು ಹಳೆಯ ಸ್ಕ್ರಿಪ್ಟ್‌ಗಳನ್ನು ನೋಡಿ. ‘ಟೇಲ್’ ಫೈಲಿನ ಕೊನೆಯ ಭಾಗ ತೋರಿಸುವ ಕಮಾಂಡ್. ‘ಟೇಲ್ +5’ ಅಂದರೆ ಹಿಂದೆ ಐದನೇ ಸಾಲಿನಿಂದ ತೋರಿಸು ಎಂದರ್ಥ. 2001ರ ಪೋಸಿಕ್ಸ್‌ನಲ್ಲಿ ‘+5’ ಒಂದು ಫೈಲ್ ಹೆಸರು! ವರ್ಷಗಳಿಂದ ಓಡುತ್ತಿರುವ ಸ್ಕ್ರಿಪ್ಟ್‌ಗಳು ಜಾಸ್ತಿಯಿದ್ದರೆ ಹಳೆಯದನ್ನೇ ಉಳಿಸಿ. ಸುಮ್ನೆ ಮುರಿಯುವುದು ಯಾಕೆ?

ಒಂದೇ ಸ್ಕ್ರಿಪ್ಟ್ ಹಲವು ಯುನಿಕ್ಸ್‌ಗಳಲ್ಲಿ ಓಡಬೇಕಾದರೆ ನಿಯಮವೇ ಮೇಲು.

ಎರಡೂ ಬೇಕಾದರೆ ಸ್ವಿಚ್ ಇಡಬಹುದು. ಗ್ನೂ ಯೋಜನೆಯ ‘ಡಿಎಫ್’ (ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹೇಳುವ ಕಮಾಂಡ್) ಸಾಮಾನ್ಯವಾಗಿ 1024 ಬೈಟ್ ಲೆಕ್ಕದಲ್ಲಿ ತೋರಿಸುತ್ತದೆ. ‘ಪೋಸಿಕ್ಸ್‌ಲಿ_ಕರೆಕ್ಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಟೂಲ್‌ಗಳು ಓದುವ ಸೆಟ್ಟಿಂಗ್) ಇಟ್ಟರೆ ಪೋಸಿಕ್ಸ್ ಹೇಳುವ 512. ಸೋಲಾರಿಸ್ ಎಂಬ ಯುನಿಕ್ಸ್ ಎರಡು ಬಗೆಯ ಟೂಲ್‌ಗಳನ್ನು ಬೇರೆ ಬೇರೆ ಡೈರೆಕ್ಟರಿಗಳಲ್ಲೇ ಇಟ್ಟಿತು. ಆದರೆ ಎರಡೂ ಇಟ್ಟರೆ ಪರೀಕ್ಷೆಯ ಕೆಲಸ ಇಮ್ಮಡಿ. ತಂಡ ಚಿಕ್ಕದಾದರೆ ಇದು ಕಷ್ಟ, ಅಲ್ವಾ?