ಕ್ಯಾಲ್ಮ್ಯಾಕ್ ಐಸ್ ಬ್ಯಾಂಕ್ 1190ಎ: ಟ್ಯಾಂಕಿನಷ್ಟೇ ವಾಲ್ವ್ ಮುಖ್ಯ

ರಾತ್ರಿ ಐಸ್ ಕಟ್ಟಿ, ಹಗಲು ಕರಗಿಸಿ ಕಟ್ಟಡ ತಂಪಾಗಿಡುವ ಟ್ಯಾಂಕುಗಳಲ್ಲಿ ಕ್ಯಾಲ್ಮ್ಯಾಕ್‌ನದು ಹಳೆಯ ಹೆಸರು. 2018ರಿಂದ ಏಸಿ ಯಂತ್ರ ತಯಾರಿಸುವ ಟ್ರೇನ್ ಕಂಪನಿಯ ಬಳಗದಲ್ಲಿದೆ. ನ್ಯೂಯಾರ್ಕಿನ ಬ್ಯಾಂಕ್ ಆಫ್ ಅಮೆರಿಕಾ ಟವರ್‌ನ ನೆಲಮಾಳಿಗೆಯಲ್ಲಿ ಇಂಥ 44 ಟ್ಯಾಂಕುಗಳಿವೆ.

1190ಎ ಎಂದರೆ ಸುಮಾರು ಎರಡೂಕಾಲು ಮೀಟರ್ ವ್ಯಾಸದ ಪ್ಲಾಸ್ಟಿಕ್ ಟ್ಯಾಂಕ್. ಒಳಗೆ ಸುರುಳಿ ಸುತ್ತಿದ ಪಾಲಿಎಥಿಲೀನ್ ಕೊಳವೆಗಳು, ಅವುಗಳ ಸುತ್ತ ಆರು ಸಾವಿರ ಲೀಟರಿಗೂ ಹೆಚ್ಚು ನೀರು. ಕೊಳವೆಯೊಳಗೆ ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದ ಶೇ 25ರ ಎಥಿಲೀನ್ ಗ್ಲೈಕಾಲ್ ದ್ರಾವಣ ಹರಿಯುತ್ತದೆ; ಹೊರಗಿನ ನೀರು ಟ್ಯಾಂಕ್ ಬಿಟ್ಟು ಎಲ್ಲಿಗೂ ಹೋಗದು. ಅಕ್ಕಪಕ್ಕದ ಕೊಳವೆಗಳಲ್ಲಿ ಹರಿವು ಎದುರುಬದುರಾಗಿರುವುದರಿಂದ ಐಸ್ ಎಲ್ಲೆಡೆ ಸಮನಾಗಿ ಕಟ್ಟುತ್ತದೆ. ಕರಗುವ ಐಸ್‌ನಿಂದಲೇ 162 ಟನ್-ಅವರ್ ತಂಪು ಸಿಗುತ್ತದೆ (ಇಲ್ಲಿ ಟನ್ ತೂಕವಲ್ಲ, ಸುಮಾರು 3.5 ಕಿಲೋವ್ಯಾಟ್ ಶಾಖ ಎಳೆಯುವ ಸಾಮರ್ಥ್ಯ; ಅದು ಒಂದು ಗಂಟೆ ಓಡಿದರೆ ಒಂದು ಟನ್-ಅವರ್). ಸವೆಯುವ ಭಾಗವೇ ಇಲ್ಲದ ಈ ಸರಳತೆ ನಮಗೆ ತುಂಬಾ ಮೆಚ್ಚುಗೆಯಾದದ್ದು.

ಲೆಕ್ಕ ಹೀಗೆ. 300 ಟನ್ ಪೀಕ್ (ಗರಿಷ್ಠ ಹೊರೆ), ಹಗಲಿನ ಹತ್ತು ಗಂಟೆಗೆ ಒಟ್ಟು 2250 ಟನ್-ಅವರ್ ಹೊರೆ ಇರುವ ಕಚೇರಿ ಎಂದಿಟ್ಟುಕೊಳ್ಳಿ. ರಾತ್ರಿ ಮೈನಸ್ 4 ಡಿಗ್ರಿಯ ಗ್ಲೈಕಾಲ್ ಕೊಡುವಾಗ ಚಿಲ್ಲರ್ (ತಂಪು ಮಾಡುವ ಯಂತ್ರ) ತನ್ನ ಸಾಮರ್ಥ್ಯದ ಮೂರನೇ ಎರಡು ಭಾಗವಷ್ಟೇ ಎಳೆಯುತ್ತದೆ. ಆದರೂ 150 ಟನ್ನಿನ ಚಿಲ್ಲರ್, ರಾತ್ರಿ ಎಂಟು ಗಂಟೆಯ ಓಟ, ಐದು ಟ್ಯಾಂಕ್ ಸಾಕು: ಹಗಲೂ ಓಡುವ ಚಿಲ್ಲರ್ 1500 ಟನ್-ಅವರ್ ಕೊಡುತ್ತದೆ, ಉಳಿದ 750 ಐಸ್‌ನದು. ಟನ್ನಿಗೆ 0.7 ಕಿಲೋವ್ಯಾಟ್ ಹಿಡಿದರೆ ಪೀಕ್ ಬೇಡಿಕೆ ನೂರು ಕಿಲೋವ್ಯಾಟ್ ಇಳಿಯುತ್ತದೆ. ಐಸ್ ಕಟ್ಟಲು ಟನ್ನಿಗೆ ತಗಲುವ ಕರೆಂಟು ಹೆಚ್ಚೇ. ಉಳಿತಾಯ ಬರುವುದು ಡಿಮ್ಯಾಂಡ್ ಚಾರ್ಜ್‌ನಿಂದ (ಗರಿಷ್ಠ ಬೇಡಿಕೆಯ ಮೇಲಿನ ಶುಲ್ಕ) ಮತ್ತು ಗಂಟೆಗಂಟೆಯ ದರದ ವ್ಯತ್ಯಾಸದಿಂದ.

ಈ ದರವೇ ಈಗ ಮಗ್ಗುಲು ಬದಲಿಸುತ್ತಿದೆ. ವಾಣಿಜ್ಯ ಗ್ರಾಹಕರಿಗೆ ಬಿಸಿಲಿನ ಗಂಟೆಗಳ ದರ ಕನಿಷ್ಠ ಶೇ 20 ಕಡಿಮೆ, ಪೀಕ್ ದರ ಕನಿಷ್ಠ ಶೇ 20 ಹೆಚ್ಚಿರಬೇಕೆಂದು ಕೇಂದ್ರದ 2023ರ ನಿಯಮ ತಿದ್ದುಪಡಿ ಹೇಳುತ್ತದೆ. ಬೆಂಗಳೂರಿನಲ್ಲಾದರೂ ಮೊದಲು ನಿಮ್ಮ ಎಚ್‌ಟಿ (ಹೈಟೆನ್ಷನ್) ಬಿಲ್ಲಿನ ಟಿಒಡಿ, ಅಂದರೆ ಹೊತ್ತಿಗೊಂದು ದರದ ಸಾಲುಗಳನ್ನು ನೋಡಿ. ಹಗಲು ಅಗ್ಗವಾಗಿದ್ದರೆ ಐಸನ್ನು ಮಧ್ಯಾಹ್ನ ಕರಗಿಸದೆ ಸಂಜೆಯ ಪೀಕ್‌ಗೆ ಉಳಿಸಿಕೊಳ್ಳಬೇಕು.

ಕೆಡುವುದು ಸಾಮಾನ್ಯವಾಗಿ ಟ್ಯಾಂಕಿನ ಹೊರಗೆ. ರಾತ್ರಿ ಕಟ್ಟಡದ ಕಡೆಯ ವಾಲ್ವ್ ಪೂರ್ತಿ ಮುಚ್ಚದೆ ಸೋರಿದರೆ, ಮೈನಸ್ ಡಿಗ್ರಿಯ ಗ್ಲೈಕಾಲ್, ತನ್ನ ತಂಪನ್ನು ಕಟ್ಟಡದ ನೀರಿಗೆ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗೆ ನುಗ್ಗಿ, ಅಲ್ಲಿ ನಿಂತ ನೀರು ಹೆಪ್ಪುಗಟ್ಟಿ ಪ್ಲೇಟ್ ಒಡೆಯುತ್ತದೆ. ಬಿಗಿಯಾಗಿ ಮುಚ್ಚುವ ವಾಲ್ವ್‌ಗೆ ಹಣ ಹಾಕಿ. ಅಲ್ಲಿ ತಾಪಮಾನ ಇಳಿದರೆ ನೀರಿನ ಪಂಪ್ ತಾನೇ ಓಡುವಂತೆ ಇಂಟರ್‌ಲಾಕ್ ಕೊಡಿ. ಐಸ್ ಕಟ್ಟುವಾಗ ಚಿಲ್ಲರ್ ಪೂರ್ಣ ಲೋಡ್‌ನಲ್ಲೇ ಓಡಬೇಕು. ಹಗಲಿನ ಸೆಟ್‌ಪಾಯಿಂಟ್ (ಚಿಲ್ಲರ್‌ಗೆ ಕೊಟ್ಟ ತಾಪಮಾನದ ಗುರಿ) ಬದಲಾಗದೆ ಉಳಿದರೆ ಬೆಳಿಗ್ಗೆ ಟ್ಯಾಂಕಿನಲ್ಲಿ ಬರೀ ತಣ್ಣೀರು. ಐಸ್ ಹಿಗ್ಗಿದಂತೆ ನೀರಿನ ಮಟ್ಟ ಏರುತ್ತದೆ, ಎಷ್ಟು ಕಟ್ಟಿದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಗ್ಲೈಕಾಲ್ ಬದಲು ಕಾರಿನ ಕೂಲಂಟ್ ಸುರಿಯಲೇಬೇಡಿ.

ತುಂಬಿದ ಟ್ಯಾಂಕ್ ಏಳೂವರೆ ಟನ್ ತೂಗುತ್ತದೆ, ಚದರ ಮೀಟರಿಗೆ ಹೆಚ್ಚುಕಡಿಮೆ ಎರಡು ಟನ್. ಸಾಮಾನ್ಯ ತಾರಸಿ ಇದನ್ನು ತಾಳದು. ನೆಲದ ಮೇಲೆ ಸಮತಟ್ಟಾದ ಕಾಂಕ್ರೀಟ್ ಹಾಸೇ ಬೇಕು. ಕಚೇರಿ, ಕಾಲೇಜು, ಸಭಾಂಗಣಗಳಿಗೆ ಧೈರ್ಯವಾಗಿ ಹೇಳಬಹುದಾದ ಟ್ಯಾಂಕ್ ಇದು. ಡೇಟಾ ಸೆಂಟರಿಗಲ್ಲ: ಅಲ್ಲಿ ಇರುಳೂ ಹಗಲಿನಷ್ಟೇ ಹೊರೆ, ಚಿಲ್ಲರ್‌ಗೆ ಐಸ್ ಕಟ್ಟುವ ಬಿಡುವೇ ಇರದು.