ಆನ್‌ಲೈನ್ ಆಪ್ತಸಮಾಲೋಚನೆ ಆ್ಯಪ್: ಎರಡು ವರ್ಷ ಬಳಸಿದ ಮೇಲೆ ಐದಕ್ಕೆ ಮೂರು ಅಂಕ

ನನಗೆ ಈ ಆ್ಯಪ್‌ನಿಂದ ಆದ ಉಪಕಾರ ದೊಡ್ಡದು. ನಿದ್ದೆಗೆಟ್ಟು, ತರಗತಿಯಲ್ಲಿ ನಿಂತರೆ ಎದೆ ಹೊಡೆದುಕೊಳ್ಳುತ್ತಿದ್ದ ದಿನಗಳವು. ಗದಗ ಜಿಲ್ಲೆಯ ಹಳ್ಳಿಯಲ್ಲಿ ಶಿಕ್ಷಕಿಯಾಗಿರುವ ನನಗೆ ಇಷ್ಟು ನುರಿತ ಸಮಾಲೋಚಕಿ ಹತ್ತಿರದಲ್ಲೆಲ್ಲೂ ಸಿಗುತ್ತಿರಲಿಲ್ಲ. ಮೊದಲಿನಿಂದಲೂ ಒಬ್ಬರೇ ಇದ್ದಾರೆ. ಹಿಂದಿನ ಸಲ ಬಿಟ್ಟಲ್ಲಿಂದಲೇ ಮಾತು ಮುಂದುವರಿಯುತ್ತದೆ.

ತಮ್ಮನ ಹೆಂಡತಿಗೆ ಹೆರಿಗೆಯ ನಂತರ ಮಂಕು ಕವಿದಾಗ, ತವರಿಗೆ ಹೋಗಿ ಇದನ್ನೇ ಹಾಕಿಕೊಡಲು ಮುಂದಾದೆ. ಅಲ್ಲಿ ಸ್ಮಾರ್ಟ್‌ಫೋನ್ ಇರುವುದು ಒಂದೇ, ಅದು ತಮ್ಮನ ಜೇಬಿನಲ್ಲಿ. ಒಟಿಪಿ ಬರುವುದೂ ಅದಕ್ಕೇ. ಆರಂಭದ ಪ್ರಶ್ನಾವಳಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡ ಬಲ್ಲ ಸಮಾಲೋಚಕರು ಬೆರಳೆಣಿಕೆಯಷ್ಟು, ಅವರ ಬಿಡುವೆಲ್ಲ ರಾತ್ರಿ ಎಂಟರ ಮೇಲೆ. ಪಡಸಾಲೆಯಲ್ಲಿ ಅತ್ತೆ ಕುಳಿತಿರುವಾಗ, ಬದುಕು ಬೇಡವೆನಿಸುತ್ತಿದೆಯೇ ಎಂದು ಯಾರಾದರೂ ಕೇಳಿದರೆ ಆ ಹುಡುಗಿ ಹೇಗೆ ಉತ್ತರಿಸಬೇಕು? ಆ ಅತ್ತೆ ನನ್ನ ತಾಯಿಯೇ. ಒಳ್ಳೆಯವಳು. ಆದರೂ ಅವಳೆದುರು ಆಡಲಾಗದ ಮಾತುಗಳಿರುತ್ತವೆ.

ಶುಲ್ಕ 45 ನಿಮಿಷಕ್ಕೆ 1,200 ರೂಪಾಯಿ. 2024–25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು; ಮೂರು ದಿನ ದುಡಿದರೂ ಒಂದು ಭೇಟಿಗೆ ಸಾಲದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಮತ್ತು ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ನೂರರಲ್ಲಿ 85 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಈ ಕೊರತೆ ನೀಗಿಸುತ್ತೇವೆ ಎಂದೇ ಕಂಪನಿ ಜಾಹೀರಾತು ಕೊಡುತ್ತದೆ. ಇದುವರೆಗೆ ನೀಗಿರುವುದು ಸಂಬಳ, ಇಂಗ್ಲಿಷ್, ಚಿಲಕ ಹಾಕಿಕೊಳ್ಳಲು ಒಂದು ಕೋಣೆ ಇರುವ ನನ್ನಂಥವರ ಕೊರತೆ.

ತಮ್ಮನ ಹೆಂಡತಿಗೆ ಒದಗಿದ್ದು 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಕೀಪ್ಯಾಡ್ ಫೋನಿನಿಂದ 14416ಕ್ಕೆ ಕರೆ ಮಾಡಿದರೆ ಸಾಕು: ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತು. ಮಧ್ಯಾಹ್ನ ಆಶಾ ಕಾರ್ಯಕರ್ತೆಯ ಮನೆಯಲ್ಲಿ ಕುಳಿತು ಅವಳು ಮನಸ್ಸು ಬಿಚ್ಚಿದಳು. ಆಮೇಲೆ ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಹೋದಳು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ ಎಂದು ವೈದ್ಯರು ಹೇಳಿದ ಮೇಲೆ ಮನೆಯವರ ಹೆದರಿಕೆಯೂ ಇಳಿಯಿತು. ಬಾಣಂತಿಗೆ ಬೇಸರ ಸಹಜ ಎಂದು ಸುಮ್ಮನಿರುವ ಮನೆಗಳು ಇದನ್ನು ದಯವಿಟ್ಟು ಗಮನಿಸಬೇಕು.

ಆ್ಯಪ್‌ಗೆ ನಾನು ಹಣ ಕಟ್ಟುವುದನ್ನು ನಿಲ್ಲಿಸುವುದಿಲ್ಲ, ನನಗೆ ಅದು ಬೇಕು. ಆದರೆ ಕಳೆದ ವರ್ಷ ಅವರು ಬರಹದ ಮೂಲಕ ಸಮಾಲೋಚನೆ ನಡೆಸುವ ಸೌಲಭ್ಯವನ್ನೇ ತೆಗೆದುಹಾಕಿದರು. ನಮ್ಮ ಶಾಲೆಯ ಗುಮಾಸ್ತರಿಗೆ ಕಿವಿ ಕೇಳಿಸದು. ಅವರು ನೆಚ್ಚಿಕೊಂಡಿದ್ದದ್ದು ಅದೊಂದನ್ನೇ. ದೂರು ಬರೆದರೆ ವಿಡಿಯೊ ಕರೆ ಬಳಸಿ ಎಂಬ ಉತ್ತರ ಬಂತು. ಆ ಸೌಲಭ್ಯ ಮರಳುವವರೆಗೂ ಮೂರಕ್ಕಿಂತ ಹೆಚ್ಚು ಅಂಕ ಕೊಡಲಾರೆ.