ಒಂದೇ ಎಲೆಯ ಗಿಡ, ಎರಡು ವರ್ಷದ ನಂತರ

ವೇಲ್ ಫಿನ್ ಸ್ನೇಕ್ ಪ್ಲಾಂಟ್ ತಂದು ಎರಡು ವರ್ಷವಾಯಿತು. ಕುಂಡದಲ್ಲಿ ಇದ್ದದ್ದು ಒಂದೇ ಎಲೆ. ಆದರೆ ಎಂಥ ಎಲೆ! ನನ್ನ ಎರಡು ಅಂಗೈ ಜೋಡಿಸಿದರೂ ಅಗಲ ಮುಚ್ಚುವುದಿಲ್ಲ. ಕಡುಹಸಿರಿನ ಮೇಲೆ ತಿಳಿಹಸಿರು ಚುಕ್ಕೆ, ಅಂಚಿಗೆ ಕೆಂಗಂದು ಗೆರೆ.

ಒಂದು ದೂರು ಇದೆ. ಅಂಗಡಿಯವರು ಹಾಕಿಕೊಟ್ಟ ಮಣ್ಣಿನಲ್ಲಿ ತೆಂಗಿನ ನಾರಿನ ಪುಡಿಯೇ ಜಾಸ್ತಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಮೂರನೇ ವಾರಕ್ಕೆ ಬುಡ ಒತ್ತಿದರೆ ಮೆತ್ತಗಿತ್ತು, ಕೊಳೆತ ವಾಸನೆ ಬೇರೆ. ಗಾಬರಿಯಾಗಿ ಕಿತ್ತು, ಕಪ್ಪಾದ ಬೇರು ಕತ್ತರಿಸಿ, ಎರಡು ದಿನ ನೆರಳಲ್ಲಿ ಒಣಗಲು ಬಿಟ್ಟೆ. ಆಮೇಲೆ ಅರ್ಧಕ್ಕರ್ಧ ದಪ್ಪ ಮರಳು, ಪರ್ಲೈಟ್ (ನೀರು ಬೇಗ ಬಸಿಯಲು ಹಾಕುವ ಹಗುರವಾದ ಬಿಳಿ ಹರಳು) ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಉಳಿಯಿತು.

ಈಗ ಕಡ್ಡಿ ಚುಚ್ಚಿ ನೋಡುತ್ತೇನೆ. ತಳದವರೆಗೂ ಒಣಗಿದ್ದರೆ ಮಾತ್ರ ನೀರು. ಅಗಲ ಎಲೆ ಅಲ್ವಾ, ಧೂಳು ಬೇಗ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬೆಕ್ಕು, ನಾಯಿ ಸಾಕಿದವರು ಎತ್ತರದಲ್ಲಿಡಿ. ಎಲೆಯಲ್ಲಿ ಸಪೋನಿನ್ ಎಂಬ ವಿಷದ ಅಂಶ ಇದೆ, ತಿಂದರೆ ವಾಂತಿಯಾಗಬಹುದು.

ಬೇಗ ಬೆಳೆಯುವ ಗಿಡ ಬೇಕಿದ್ದವರಿಗೆ ಇದು ಬೇಡ. ಎರಡು ವರ್ಷಕ್ಕೆ ಬಂದದ್ದು ಒಂದೇ ಹೊಸ ಎಲೆ, ಸುರುಳಿ ಸುತ್ತಿಕೊಂಡು, ಮಣ್ಣು ಸೀಳಿ. ಅದು ಬಿಚ್ಚಿಕೊಳ್ಳುವುದನ್ನು ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ. ನನಗಂತೂ ಅಷ್ಟು ಸಾಕು.